ಬಿಸಿ ಗಂಜಿ ಬಟ್ಟಲಿಗೆ ಬಟ್ಟೆ ಹೋಲ್ಡರ್: ನಮ್ಮ ಮಳೆಗಾಲಕ್ಕೆ ಆಗುವ ಹಾಗೆ ಹೊಲಿಯೋದು ಹೇಗೆ?

ಮೂಡಿಗೆರೆ ಮಳೆ (ಸೋಮವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮೂಡಿಗೆರೆ ಹತ್ತಿರ. ಹೋದ ತಿಂಗಳು ನಮ್ಮ ಅತ್ತೆಯ ಕೈ ಸುಟ್ಟಿತು. ರಾತ್ರಿ ಅವರು ಊಟ ಮಾಡುವುದಿಲ್ಲ, ಗಂಜಿ ಕುಡಿದು ಮಲಗುತ್ತಾರೆ. ಸ್ಟೀಲ್ ಬಟ್ಟಲಿಗೆ ಬಿಸಿ ಗಂಜಿ ಬಗ್ಗಿಸಿ ಕೊಟ್ಟೆ. ಸೆರಗಿನ ತುದಿಯಲ್ಲಿ ಹಿಡಿದುಕೊಂಡು ಜಗಲಿಗೆ ಹೊರಟರು. ಸೆರಗು ಜಾರಿತು. ಗಂಜಿ ಚೆಲ್ಲಬಾರದು ಅಂತ ಅವರು ಬಟ್ಟಲನ್ನು ಇನ್ನೂ ಗಟ್ಟಿಯಾಗಿ ಹಿಡಿದರು. ನಾಲ್ಕು ಬೆರಳಿಗೆ ಗುಳ್ಳೆ ಎದ್ದಿತು. ಈಗ ವಾಸಿಯಾಗಿದೆ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇಕ್ಕಳದಲ್ಲಿ ಪಾತ್ರೆ ಇಳಿಸಬಹುದು, ಇಕ್ಕಳ ಹಿಡಿದುಕೊಂಡು ಗಂಜಿ ಕುಡಿಯಲು ಆಗುತ್ತದೆಯೇ? ಮಸಿಬಟ್ಟೆ ಒಲೆ ಹತ್ತಿರಕ್ಕೆ ಸರಿ, ಊಟದ ಬಟ್ಟಲಿಗೆ ಅದನ್ನು ಕೊಡಲು ಮನಸ್ಸು ಬರುವುದಿಲ್ಲ. ಅದಕ್ಕೆ ಬಟ್ಟಲು ಕೂರುವ ಹಾಗೆ ಒಂದು ಬಟ್ಟೆ ಹೋಲ್ಡರ್ ಹೊಲಿದೆ. ಇದನ್ನು ಬೌಲ್ ಕೋಜಿ ಅಂತಾರೆ. ಚೌಕ ಬಟ್ಟೆಗೆ ನಾಲ್ಕು ಬದಿಯಲ್ಲಿ ಟಕ್ಸ್ (ಬಟ್ಟೆಯನ್ನು ಮಡಿಸಿ ಓರೆಯಾಗಿ ಹಾಕುವ ಹೊಲಿಗೆ) ಹಿಡಿದರೆ ಅದು ಬೋಗುಣಿಯ ಹಾಗೆ ಗುಂಡಗಾಗುತ್ತದೆ. ನಾಲ್ಕು ಮೂಲೆ ಕಿವಿಯ ಹಾಗೆ ಮೇಲೆ ನಿಲ್ಲುತ್ತವೆ. ಆ ಕಿವಿ ಹಿಡಿದು ಎತ್ತಬೇಕು. ಒಳಗೆ ಅಂಗಡಿಯಲ್ಲಿ ಸಿಗುವ ಬಿಳಿ ಮೆತ್ತನೆಯ ವ್ಯಾಡಿಂಗ್ ಹಾಕಿದೆ.

ಮೊದಲ ವಾರ ತುಂಬಾ ಚೆನ್ನಾಗಿತ್ತು. ಅತ್ತೆ ಎರಡೂ ಕೈಯಲ್ಲಿ ಬಟ್ಟಲನ್ನು ಎದೆಗೆ ಹತ್ತಿರ ಹಿಡಿದು ಕುಡಿಯುವುದನ್ನು ನೋಡಿ ಸಮಾಧಾನ ಆಯಿತು. ಆಮೇಲೆ ತೊಳೆದೆ. ಇಲ್ಲಿ ಮಳೆ ಹಿಡಿದುಕೊಂಡಿದೆ. ಮೂರು ದಿನವಾದರೂ ಒಣಗಲಿಲ್ಲ, ಕಮಟು ವಾಸನೆ ಬಂತು. ಮೇಲೆ ಒಣಗಿದ ಹಾಗೆ ಕಂಡಿತು ಅಂತ ಕೊಟ್ಟೆ. ಒಳಗೆ ತೇವ ಇತ್ತೇನೋ, ಬಿಸಿ ನೇರ ಕೈಗೆ ಬಂತು. ಈ ಸಲ ಬಟ್ಟಲು ಹಿಡಿದಿದ್ದು ನಾನು, ಪುಣ್ಯ.

ನನ್ನ ಪ್ರಶ್ನೆ ಇಷ್ಟು. ಒಳಗೆ ಏನು ತುಂಬಿದರೆ ಒಳ್ಳೆಯದು? ಮಳೆಗಾಲದಲ್ಲಿ ಬೇಗ ಒಣಗುವ ಹಾಗೆ ಹೊಲಿಯಲು ದಾರಿ ಇದೆಯೇ? ಮಗಳು ಬೆಂಗಳೂರಿನಲ್ಲಿದ್ದಾಳೆ, ಅವಳಿಗೂ ಎರಡು ಬೇಕಂತೆ. ಅವಳು ಪಿಂಗಾಣಿ ಬಟ್ಟಲಿನ ಜೊತೆಗೇ ಮೈಕ್ರೋವೇವ್‌ನಲ್ಲಿ ಇಡುತ್ತಾಳಂತೆ. ಇಡಬಹುದಾ?

---

ಸಕಲೇಶಪುರ ಸೊಸೆ

ಅಕ್ಕ, ನಮ್ಮ ಮನೆಯದೂ ಇದೇ ಕಥೆ. ಜೂನ್ ಬಂತೆಂದರೆ ಟವೆಲ್ ಒಣಗಿಸುವುದೇ ಒಂದು ಕೆಲಸ. ನಾನು ಒಂದು ಹೊಲಿದು ಬೂಷ್ಟು ಬಂದು ಬಿಸಾಕಿದ್ದೇನೆ. ಯಾರಾದರೂ ದಾರಿ ಹೇಳಿದರೆ ನಾನೂ ಮತ್ತೆ ಶುರು ಮಾಡುತ್ತೇನೆ. ಅಳತೆ ಎಷ್ಟು ತಗೊಂಡಿರಿ ಅಂತಲೂ ಹೇಳಿ.

---

ಕಡೂರು ಟೈಲರ್

ಅಕ್ಕ, ಮೊದಲು ಆ ವ್ಯಾಡಿಂಗ್ ಏನು ಅಂತ ನೋಡಿ. ಅಂಗಡಿಯಲ್ಲಿ ಸುಮ್ನೆ ವ್ಯಾಡಿಂಗ್ ಕೊಡಿ ಅಂದರೆ ಹೆಚ್ಚಾಗಿ ಪಾಲಿಯೆಸ್ಟರ್ ಕೊಡುತ್ತಾರೆ. ಜಾಕೆಟ್ಟಿಗೆ, ಮಗುವಿನ ಹಾಸಿಗೆಗೆ ಅದು ಸರಿ. ಬಿಸಿ ಪಾತ್ರೆಗೆ ಬೇಡ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಒಂದು ಚಿಟಿಕೆ ವ್ಯಾಡಿಂಗ್ ಕಿತ್ತು ಇಕ್ಕಳದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆ ಇಟ್ಟು, ಬೆಂಕಿಕಡ್ಡಿ ತೋರಿಸಿ. ಹತ್ತಿ ಆದರೆ ಕಾಗದ ಸುಟ್ಟ ವಾಸನೆ ಬರುತ್ತದೆ. ಬೂದಿ ಮೆತ್ತಗೆ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಬೆಂಕಿ ಕಂಡ ತಕ್ಷಣ ಮುದುಡಿ, ಕರಗಿ, ಗಟ್ಟಿ ಮಣಿಯ ಹಾಗೆ ಆಗುತ್ತದೆ. ಅದನ್ನು ಆರುವ ಮೊದಲು ಮುಟ್ಟಬೇಡಿ, ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಎರಡೂ ಬೆರೆಸಿದ ಬಟ್ಟೆ ಆದರೆ ಬೂದಿಯೂ ಬರುತ್ತದೆ, ಒಳಗೆ ಸಣ್ಣ ಗಂಟೂ ಸಿಗುತ್ತದೆ.

ಸರಿಯಾಗಿ ಹೇಳಬೇಕೆಂದರೆ, ಗಂಜಿಯ ಬಿಸಿಗೆ ಪಾಲಿಯೆಸ್ಟರ್ ಕರಗುವುದಿಲ್ಲ. ಕುದಿಯುವ ಗಂಜಿ 100 ಡಿಗ್ರಿ ಹತ್ತಿರ. ಪಾಲಿಯೆಸ್ಟರ್ ಕರಗಲು 250 ಡಿಗ್ರಿ ದಾಟಬೇಕು. ಆದರೆ ಅಡುಗೆಮನೆಯಲ್ಲಿ ಒಂದು ವಸ್ತು ಒಂದೇ ಕೆಲಸಕ್ಕೆ ಇರುವುದಿಲ್ಲ ಅಲ್ವಾ? ಇವತ್ತು ಬಟ್ಟಲು ಹಿಡಿದದ್ದನ್ನು ನಾಳೆ ಯಾರೋ ಒಗ್ಗರಣೆ ಬಾಣಲೆಗೆ ಹಿಡಿಯುತ್ತಾರೆ. ಇಲ್ಲವೇ ಈಗ ತಾನೇ ಆರಿಸಿದ ಬರ್ನರ್ ಮೇಲೆ ಇಡುತ್ತಾರೆ. ಹತ್ತಿ ಆದರೆ ಕಂದು ಬಣ್ಣಕ್ಕೆ ತಿರುಗಿ ವಾಸನೆ ಕೊಟ್ಟು ಎಚ್ಚರಿಸುತ್ತದೆ. ಪಾಲಿಯೆಸ್ಟರ್ ಕರಗಿ ಕೈಗೆ ಹತ್ತುತ್ತದೆ.

ಇನ್ನೊಂದು ವಿಷಯ ಎಲ್ಲರೂ ಮರೆಯುತ್ತಾರೆ. ದಾರ. ನಾವು ಬ್ಲೌಸಿಗೆ ಹಾಕುವ ಮಾಮೂಲಿ ರೀಲು ಬಹುಪಾಲು ಪಾಲಿಯೆಸ್ಟರ್. ಬಟ್ಟೆ ಹತ್ತಿ, ತುಂಬಿದ್ದು ಹತ್ತಿ, ದಾರ ಮಾತ್ರ ಪಾಲಿಯೆಸ್ಟರ್ ಅಂದರೆ ಹೊಲಿಗೆಯೇ ಮೊದಲು ಬಿಟ್ಟುಕೊಳ್ಳುತ್ತದೆ. ಕಾಟನ್ ದಾರ ಅಂತ ಕೇಳಿ ತಗೊಳ್ಳಿ. ಅದನ್ನೂ ಇದೇ ರೀತಿ ಸುಟ್ಟು ನೋಡಿ.

---

ಮೂಡಿಗೆರೆ ಮಳೆ

ಅಣ್ಣ, ಈಗಲೇ ನೋಡಿದೆ. ವ್ಯಾಡಿಂಗ್ ಮುದುಡಿ ಕಪ್ಪು ಮಣಿಯಾಯಿತು. ದಾರವೂ ಹಾಗೇ. ಬಟ್ಟೆ ಮಾತ್ರ ಹತ್ತಿ. ಇಷ್ಟು ದಿನ ಇದನ್ನೇ ಅತ್ತೆ ಕೈಗೆ ಕೊಟ್ಟಿದ್ದೆ. ಬಿಚ್ಚಿ ಹಾಕುತ್ತೇನೆ. ನಿಮಗೆ ತುಂಬಾ ಧನ್ಯವಾದ.

---

ಅರಸೀಕೆರೆ ನರ್ಸಕ್ಕ

ಹೊಲಿಗೆ ನನಗೆ ಬರುವುದಿಲ್ಲ. ಸುಟ್ಟ ಕೈಗಳನ್ನು ದಿನಾ ನೋಡುತ್ತೇನೆ, ಅದಕ್ಕೆ ಎರಡು ಮಾತು.

ವಯಸ್ಸಾದವರ ಚರ್ಮ ತೆಳು. ನಮಗೆ ಬಿಸಿ ಅನ್ನಿಸುವುದು ಅವರಿಗೆ ಗಾಯವೇ ಆಗುತ್ತದೆ. 60 ಡಿಗ್ರಿ ನೀರು 5 ಸೆಕೆಂಡಿನಲ್ಲಿ ದೊಡ್ಡವರ ಚರ್ಮವನ್ನು ಆಳವಾಗಿ ಸುಡಬಲ್ಲದು. ಮಕ್ಕಳು, ಮುದುಕರು ಆದರೆ ಇನ್ನೂ ಬೇಗ. ಹಾಗೆ ನೋಡಿದರೆ ಈಗ ತಾನೇ ಬಗ್ಗಿಸಿದ ಗಂಜಿ ಅದಕ್ಕಿಂತ ಎಷ್ಟೋ ಜಾಸ್ತಿ ಬಿಸಿ ಇರುತ್ತದೆ.

ಇನ್ನು ಸಕ್ಕರೆ ಕಾಯಿಲೆ ಬಹಳ ವರ್ಷದಿಂದ ಇರುವವರಿಗೆ ಕೈ ಕಾಲಿನಲ್ಲಿ ಸ್ಪರ್ಶ ಕಡಿಮೆಯಾಗಿರಬಹುದು. ಬಿಸಿ ತಟ್ಟಿದ್ದೇ ಗೊತ್ತಾಗುವುದಿಲ್ಲ. ಗುಳ್ಳೆ ಕಂಡ ಮೇಲೆ ಗೊತ್ತಾಗುತ್ತದೆ. ಅಂಥವರು ಮನೆಯಲ್ಲಿದ್ದರೆ ಹೋಲ್ಡರ್ ಹಾಕಿ ಕೊಟ್ಟರೂ ಮೊದಲು ನೀವೇ ಒಂದು ನಿಮಿಷ ಕೈಯಲ್ಲಿ ಹಿಡಿದು ನೋಡಿ.

ಸುಟ್ಟರೆ ತಕ್ಷಣ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಕೈ ಹಿಡಿಯಿರಿ. ಎರಡು ನಿಮಿಷ ಸಾಲದು, 20 ನಿಮಿಷ. ಬಳೆ, ಉಂಗುರ ಮೊದಲೇ ತೆಗೆಯಿರಿ, ಆಮೇಲೆ ಬಾತುಕೊಂಡು ಸಿಕ್ಕಿಹಾಕಿಕೊಳ್ಳುತ್ತವೆ. ಐಸ್ ಬೇಡ. ಟೂತ್‌ಪೇಸ್ಟ್, ಇಂಕು, ಅರಿಶಿನ, ಬೆಣ್ಣೆ ಯಾವುದೂ ಬೇಡ. ಗುಳ್ಳೆ ಒಡೆಯಬೇಡಿ. ಕೈ, ಮುಖ ಸುಟ್ಟಿದ್ದರೆ ಡಾಕ್ಟರಿಗೆ ತೋರಿಸಿ.

---

ಹಾಸನ ಗಾರ್ಮೆಂಟ್ಸ್ ಹುಡುಗಿ

ನಾನು ಹಾಸನದಲ್ಲಿ ಬೆಡ್‌ಶೀಟ್ ಹೊಲಿಯುವ ಕಾರ್ಖಾನೆಯಲ್ಲಿ ಏಳು ವರ್ಷದಿಂದ ಇದ್ದೇನೆ. ಮನೆಯಲ್ಲಿ ಈ ಹೋಲ್ಡರ್ ಬಹಳ ಹೊಲಿದಿದ್ದೇನೆ. ನನಗೆ ಗೊತ್ತಿರುವುದನ್ನು ಪೂರ್ತಿ ಬರೆಯುತ್ತೇನೆ, ಉದ್ದವಾದರೆ ಬೇಜಾರು ಮಾಡಿಕೊಳ್ಳಬೇಡಿ.

ತೇವ ಇದ್ದಾಗ ಬಿಸಿ ಯಾಕೆ ಬಂತು ಅಂತ ಅಕ್ಕ ಬರೆದಿದ್ದಾರೆ. ನಮ್ಮ ಕೈ ಕಾಯುವುದು ಬಟ್ಟೆಗಿಂತ ಹೆಚ್ಚಾಗಿ ಅದರೊಳಗೆ ನಿಂತ ಗಾಳಿ. ಎಳೆ ಎಳೆಯ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ನೀರು ಆ ಜಾಗಕ್ಕೆ ಬಂದರೆ ಗಾಳಿ ಹೋಗುತ್ತದೆ. ನೀರು ಗಾಳಿಗಿಂತ 20 ಪಟ್ಟಿಗೂ ಜಾಸ್ತಿ ಬಿಸಿ ಸಾಗಿಸುತ್ತದೆ. ಒದ್ದೆ ಮಸಿಬಟ್ಟೆಯಲ್ಲಿ ಕುದಿಯುವ ಪಾತ್ರೆ ಹಿಡಿದು ಕೈ ಸುಟ್ಟುಕೊಂಡವರಿಗೆ ಇದು ಗೊತ್ತು. ಅದಕ್ಕೆ ನಮ್ಮ ಕಡೆ ಹೋಲ್ಡರ್ ಎಷ್ಟು ದಪ್ಪ ಅನ್ನುವುದಕ್ಕಿಂತ ಎಷ್ಟು ಬೇಗ ಒಣಗುತ್ತದೆ ಅನ್ನುವುದು ಮುಖ್ಯ. ದಪ್ಪ ಜಾಸ್ತಿ ಮಾಡುತ್ತಾ ಹೋದರೆ ಬೇಸಿಗೆಯಲ್ಲಿ ಚೆನ್ನ, ಶ್ರಾವಣದಲ್ಲಿ ಅದೇ ಅಪಾಯ.

ತುಂಬಲು ಹಳೆಯ ಹತ್ತಿ ಟವೆಲ್ ಸಾಕು. ಹಳೆಯದು ಯಾಕೆಂದರೆ ಅದು ಕುಗ್ಗಬೇಕಾದಷ್ಟು ಕುಗ್ಗಿರುತ್ತದೆ. ಹೊಸ ಹತ್ತಿ ಬಟ್ಟೆ ಹಾಕುವುದಾದರೆ ಕತ್ತರಿಸುವ ಮೊದಲು ಬಿಸಿ ನೀರಿನಲ್ಲಿ ನೆನೆಸಿ, ತೊಳೆದು, ಒಣಗಿಸಿ, ಇಸ್ತ್ರಿ ಮಾಡಿ. ಬಟ್ಟೆಗೆ ಹಾಕಿದ ಗಂಜಿ ಹೋಗುತ್ತದೆ, ಬಣ್ಣ ಬಿಡುವುದಿದ್ದರೆ ಆಗಲೇ ಗೊತ್ತಾಗುತ್ತದೆ. ಇದು ಮಾಡದಿದ್ದರೆ ಮೊದಲ ಒಗೆತಕ್ಕೆ ಮೇಲಿನ ಬಟ್ಟೆ ಒಂದಷ್ಟು, ಒಳಗಿನದು ಇನ್ನೊಂದಷ್ಟು ಕುಗ್ಗಿ ಹೋಲ್ಡರ್ ಸೊಟ್ಟಗಾಗುತ್ತದೆ. ಬಟ್ಟಲು ಆಮೇಲೆ ನೆಟ್ಟಗೆ ಕೂರುವುದಿಲ್ಲ. ಬಿಸಿ ಗಂಜಿ ತುಂಬಿದ ಬಟ್ಟಲು ಓಲಾಡಿದರೆ ಹೋಲ್ಡರ್ ಇದ್ದೂ ಉಪಯೋಗ ಇಲ್ಲ.

ಅಳತೆ. ಟೇಪನ್ನು ಬಟ್ಟಲಿನ ಒಂದು ಅಂಚಿನಿಂದ ಹೊರಗಡೆಯಿಂದಲೇ ಇಳಿಸಿ, ತಳದ ಕೆಳಗೆ ಹಾಯಿಸಿ, ಆಚೆ ಅಂಚಿನವರೆಗೆ ತನ್ನಿ. ಬಂದದ್ದಕ್ಕೆ 1 ಇಂಚು ಸೇರಿಸಿ. 9 ಇಂಚು ಬಂದರೆ 10 ಇಂಚಿನ ಎರಡು ಚೌಕ, ಹೊರಗಡೆಗೆ ಒಂದು, ಒಳಗಡೆಗೆ ಒಂದು. ನಮ್ಮ ಮನೆಯ ಸಣ್ಣ ಸ್ಟೀಲ್ ಬಟ್ಟಲಿಗೆ ಏಳು ಬಂತು, 8 ಇಂಚು ತಗೊಂಡೆ.

ಚೌಕ ಬಟ್ಟೆಯ ಹಿಂದೆ ಟವೆಲ್ ಇಟ್ಟು, ಮೂಲೆಯಿಂದ ಮೂಲೆಗೆ ಗುಣಾಕಾರದ ಗುರುತಿನ ಹಾಗೆ ಎರಡು ಹೊಲಿಗೆ. ಇದು ಒಳಗಿನದು ಜಾರದಿರಲು. ಆಮೇಲೆ ಮಧ್ಯಕ್ಕೆ ಮಡಿಸಿ. ಮಡಿಕೆಯ ತುದಿಯಿಂದ ಅರ್ಧ ಇಂಚು ಅಂಚಿನ ಮೇಲೆ ಗುರುತು, ಮಡಿಕೆಯ ಉದ್ದಕ್ಕೆ 2 ಇಂಚು ಒಳಗೆ ಇನ್ನೊಂದು ಗುರುತು. ಎರಡನ್ನೂ ಸೇರಿಸಿ ಓರೆಯಾಗಿ ಹೊಲಿಯಿರಿ. ಇದೇ ಟಕ್ಸ್. ನಾಲ್ಕು ಬದಿಗೂ ಹೀಗೇ. ಸಣ್ಣ ಬಟ್ಟಲಿಗೆ 2 ಇಂಚಿನ ಬದಲು ಒಂದೂವರೆ. ಹೊರಗಿನದಕ್ಕೂ ಒಳಗಿನದಕ್ಕೂ ಬೇರೆ ಬೇರೆ ಮಾಡಿ. ಹೊರಗಿನ ಟಕ್ಸನ್ನು ಎಡಕ್ಕೆ ಮಲಗಿಸಿದರೆ ಒಳಗಿನದನ್ನು ಬಲಕ್ಕೆ ಮಲಗಿಸಿ. ಇಲ್ಲದಿದ್ದರೆ ಎಲ್ಲಾ ದಪ್ಪ ಒಂದೇ ಕಡೆ ಬಂದು ಸೂಜಿ ಮುರಿಯುತ್ತದೆ.

ಎರಡನ್ನೂ ಒಳ್ಳೆ ಮಗ್ಗುಲು ಎದುರು ಬದರಾಗಿ ಇಟ್ಟು, ಸುತ್ತ ಕಾಲು ಇಂಚು ಬಿಟ್ಟು ಹೊಲಿದು, 3 ಇಂಚು ಜಾಗ ಬಿಡಿ. ಅಲ್ಲಿಂದ ಮಗುಚಿ. ಮೂಲೆಗಳನ್ನು ಕಡ್ಡಿಯಲ್ಲಿ ಮೆಲ್ಲಗೆ ಹೊರಗೆ ತಳ್ಳಿ. ಇಸ್ತ್ರಿ ಮಾಡಿ ಸುತ್ತ ಮೇಲುಹೊಲಿಗೆ ಹಾಕಿದರೆ ಬಿಟ್ಟ ಜಾಗವೂ ಮುಚ್ಚಿಕೊಳ್ಳುತ್ತದೆ.

ಸೂಜಿ 16 ನಂಬರ್ ಹಾಕಿ. 14ರಲ್ಲಿ ಇಷ್ಟು ಪದರ ಕಷ್ಟ. ಒಂದೊಂದು ಹೊಲಿಗೆಯೂ ಸ್ವಲ್ಪ ಉದ್ದ ಇರಲಿ. ಟಕ್ಸ್ ಬಂದ ಕಡೆ ಪೆಡಲ್ ಬಿಟ್ಟು ಚಕ್ರವನ್ನು ಕೈಯಲ್ಲೇ ತಿರುಗಿಸಿ. ಸೂಜಿ ಮುರಿದರೆ ಎಲ್ಲಾ ಚೂರೂ ಸಿಗುವವರೆಗೆ ಮುಂದಕ್ಕೆ ಹೋಗಬೇಡಿ. ನಮ್ಮ ಕಾರ್ಖಾನೆಯಲ್ಲಿ ಮುರಿದ ಚೂರುಗಳನ್ನು ಜೋಡಿಸಿ ತೋರಿಸಿದರೆ ಮಾತ್ರ ಹೊಸ ಸೂಜಿ ಕೊಡುತ್ತಾರೆ. ಮನೆಯಲ್ಲೂ ನಾನು ಹಾಗೇ ಮಾಡುತ್ತೇನೆ, ಅದರಲ್ಲೂ ಊಟದ ಬಟ್ಟಲ ಕೆಳಗೆ ಇರುವ ವಸ್ತುವಿಗೆ.

ಒಣಗುವ ಪ್ರಶ್ನೆಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಹಾಸನದಲ್ಲಿ ನಿಮ್ಮಷ್ಟು ಮಳೆ ಇಲ್ಲ. ನಾನು ಒಂದೇ ಪದರ ಟವೆಲ್ ಹಾಕುತ್ತೇನೆ, ನೇತುಹಾಕಲು ಮೂಲೆಗೆ ಒಂದು ಕುಣಿಕೆ ಇಡುತ್ತೇನೆ.

---

ಆಲೂರು ತೋಟದಮನೆ

ಇಷ್ಟೆಲ್ಲಾ ಕಷ್ಟ ಯಾಕೆ ಅಂತ ನನ್ನ ಪ್ರಶ್ನೆ. ಬೇಜಾರು ಮಾಡಿಕೊಳ್ಳಬೇಡಿ. ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಬಟ್ಟಲ ಕೆಳಗೆ ಹಿಡಿದರೆ ಆಯಿತು. ತೊಳೆದು ಬಿಡಿಸಿ ಹಾಕಿದರೆ ಒಂದೇ ಪದರ, ಬೇಗ ಒಣಗುತ್ತದೆ. ನಮ್ಮ ಅಮ್ಮ ಹಾಗೇ ಮಾಡುತ್ತಿದ್ದರು.

---

ಮೂಡಿಗೆರೆ ಮಳೆ

ನೀವು ಹೇಳಿದ್ದು ಯೋಚನೆ ಮಾಡುವಂಥದ್ದೇ. ನಾನೂ ಮೊದಲು ಹಾಗೇ ಮಾಡಿದ್ದೆ. ನನಗೆ ನಿಮಗೆ ಅದು ಸಾಕು. ಆದರೆ ಅತ್ತೆಯ ಬೆರಳು ಈಗ ಪೂರ್ತಿ ಮಡಚುವುದಿಲ್ಲ. ಮಡಿಸಿದ ಟವೆಲ್ಲನ್ನೂ ಬಟ್ಟಲನ್ನೂ ಎರಡನ್ನೂ ಒಟ್ಟಿಗೆ ಹಿಡಿದಿಡಲು ಬಲ ಬೇಕು. ಅವರ ಸೆರಗು ಜಾರಿದ ಹಾಗೆ ಅದೂ ಜಾರುತ್ತದೆ. ಹೋಲ್ಡರ್ ಆದರೆ ಬಟ್ಟಲು ಅದರೊಳಗೆ ಕೂತಿರುತ್ತದೆ, ಅವರು ಹಿಡಿಯಬೇಕಾದದ್ದು ಒಂದೇ ವಸ್ತು. ತೊಡೆಯ ಮೇಲೂ ಇಟ್ಟುಕೊಳ್ಳಬಹುದು.

ಆದರೆ ನಿಮ್ಮ ಮಾತಿನಲ್ಲಿ ಒಂದು ಹಿಡಿಯಿತು ನನಗೆ. ತೊಳೆದು ಬಿಡಿಸಿ ಹಾಕಿದರೆ ಒಂದೇ ಪದರ. ಹೋಲ್ಡರ್ ಒಳಗಿನ ಟವೆಲ್ಲನ್ನೂ ಹೊರಗೆ ತೆಗೆಯುವ ಹಾಗಿದ್ದರೆ? ದಿಂಬಿಗೆ ಕವರ್ ಹಾಕುತ್ತೇವಲ್ಲ, ಹಾಗೆ?

---

ಹಾಸನ ಗಾರ್ಮೆಂಟ್ಸ್ ಹುಡುಗಿ

ಅಕ್ಕ!! ಇದು ನನಗೆ ಹೊಳೆದೇ ಇರಲಿಲ್ಲ. ನಾವು ದಿನಾ ದಿಂಬಿನ ಕವರ್ ಹೊಲಿಯುತ್ತೇವೆ. ಮಾಡಿ ನೋಡಿ, ಹೇಗೆ ಬಂತು ಅಂತ ಹೇಳಿ.

---

ಕೊಪ್ಪದ ಅಜ್ಜಿಮನೆ

ನಮ್ಮ ಮನೆಯಲ್ಲಿ ಮಷೀನ್ ಇಲ್ಲ. ನಾನು ಕೈಯಲ್ಲೇ ಹೊಲಿಯುತ್ತೇನೆ. ಕೌದಿ ಹೊಲಿಗೆಯಲ್ಲಿ ಇದು ಚೆನ್ನಾಗಿ ಬರುತ್ತದೆ. ಹಳೆಯ ಹತ್ತಿ ಸೀರೆ ನಾಲ್ಕೈದು ಪದರ ಮಾಡಿ, ದಪ್ಪ ಕಾಟನ್ ದಾರದಲ್ಲಿ ಅಂಚಿನಿಂದ ಶುರು ಮಾಡಿ ಒಳಗೆ ಒಳಗೆ ಸುತ್ತುತ್ತಾ ಹೋಗಬೇಕು. ಯಲ್ಲಾಪುರ, ಹಳಿಯಾಳ ಕಡೆ ಸಿದ್ದಿ ಸಮುದಾಯದ ಹೆಂಗಸರು ಕೌದಿಯನ್ನು ಹಾಗೇ ಅಂಚಿನಿಂದ ಮಧ್ಯಕ್ಕೆ ಹೊಲಿಯುತ್ತಾರೆ. ಮೂಲೆಗೆ ಬಟ್ಟೆ ಮಡಿಸಿ ಹೂವಿನ ಹಾಗೆ ಇಡುತ್ತಾರೆ. ಅದೇ ಹೂ ಇಲ್ಲಿ ಹಿಡಿಯಲು ಕಿವಿ ಆಗುತ್ತದೆ.

ನಮ್ಮ ಅಜ್ಜಿಗೆ ತೋರಿಸಿದೆ. "ಇದು ಬಟ್ಟಲಿಗೆ ಸಿಂಬಿ ಅಲ್ವೇನೇ" ಅಂದರು. ತಲೆಯ ಮೇಲೆ ಕೊಡ ಹೊರಲು ಬಟ್ಟೆ ಸುತ್ತಿ ಸಿಂಬಿ ಮಾಡುತ್ತಿದ್ದರಲ್ಲ, ಅದು. ಅವತ್ತಿನಿಂದ ನಮ್ಮ ಮನೆಯಲ್ಲಿ ಇದಕ್ಕೆ ಬಟ್ಟಲ ಸಿಂಬಿ ಅಂತಲೇ ಹೆಸರು.

ಒಂದು ಕೇಳಬೇಕಿತ್ತು. ನನ್ನ ಹತ್ತಿರ ಹಳೆಯ ಸೀರೆಯ ಜರಿ ಅಂಚು ಇದೆ. ಹೊರಗಡೆ ಸುತ್ತ ಹಚ್ಚಿದರೆ ಎಷ್ಟು ಚೆಂದ ಕಾಣುತ್ತದೆ! ದೀಪಾವಳಿಗೆ ನೆಂಟರಿಗೆ ಕೊಡೋಣ ಅಂತ ಇದ್ದೇನೆ.

---

ಕಡೂರು ಟೈಲರ್

ಜರಿ ಬೇಡ ತಾಯಿ. ದಯವಿಟ್ಟು ಬೇಡ. ನೆಂಟರು ಅದನ್ನು ಮೈಕ್ರೋವೇವ್‌ನಲ್ಲಿ ಇಡುವುದಿಲ್ಲ ಅಂತ ಹೇಗೆ ಹೇಳುತ್ತೀರಿ? ಹಳೆಯ ಒಳ್ಳೆ ಜರಿಯಲ್ಲಿ ಬೆಳ್ಳಿ, ತಾಮ್ರದ ಎಳೆ ಇರುತ್ತದೆ. ಈಗಿನ ಅಗ್ಗದ ಜರಿಯಲ್ಲಿ ಪಾಲಿಯೆಸ್ಟರ್ ಹಾಳೆಯ ಮೇಲೆ ಲೋಹದ ಲೇಪ. ಎರಡೂ ಮೈಕ್ರೋವೇವ್‌ನಲ್ಲಿ ಕಿಡಿ ಹಾರಿಸುತ್ತವೆ. ಕಿಡಿ ಹಾರಿದ ಜಾಗದಲ್ಲಿ ಒಣ ಹತ್ತಿ ಬಟ್ಟೆ ಇರುತ್ತದೆ, ಯೋಚನೆ ಮಾಡಿ. ಚಿನ್ನದ ಬಣ್ಣದ ಪ್ರಿಂಟ್ ಇರುವ ಬಟ್ಟೆಯೂ ಬೇಡ. ಜಿಪ್ಪು, ಪ್ರೆಸ್ ಬಟನ್, ಹುಕ್ಕು ಬೇಡ. ವೆಲ್ಕ್ರೋ ನೈಲಾನ್, ಅದೂ ಬೇಡ.

ಚೆಂದಕ್ಕೆ ಇಳಕಲ್ ಹತ್ತಿ ಸೀರೆಯ ತುಂಡು ಇದ್ದರೆ ಹಾಕಿ, ಆದರೆ ಅದರ ಅಂಚು, ಸೆರಗು ರೇಷ್ಮೆ ಅಥವಾ ಕೃತಕ ರೇಷ್ಮೆ ಇರಬಹುದು, ಒಡಲಿನ ಭಾಗ ಮಾತ್ರ ತಗೊಳ್ಳಿ. ಒಂದು ಎಳೆ ಸುಟ್ಟು ನೋಡುವುದು ಮರೆಯಬೇಡಿ.

---

ಕೊಪ್ಪದ ಅಜ್ಜಿಮನೆ

ಸರಿ ಅಣ್ಣ. ಕೊಡುವುದಕ್ಕೆ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಹಳೆಯ ಖಾದಿ ಪಂಚೆ ಇದೆ, ಕೆಂಪು ದಾರದಲ್ಲಿ ಕೌದಿ ಹೊಲಿಗೆ ಹಾಕಿದರೆ ಅದೇ ಚೆಂದ.

---

ಚಿಕ್ಕಮಗಳೂರು ವಿಜಯಪುರ

ಮೂಡಿಗೆರೆ ಅಕ್ಕನ ಮೈಕ್ರೋವೇವ್ ಪ್ರಶ್ನೆಗೆ ಯಾರೂ ಪೂರ್ತಿ ಹೇಳಲಿಲ್ಲ. ನಮ್ಮ ಮನೆಯಲ್ಲಿ ಒಂದು ಸಲ ಹೋಲ್ಡರಿನ ತಳ ಕಂದು ಬಣ್ಣಕ್ಕೆ ತಿರುಗಿ ಹೊಗೆ ಬಂತು. ಅದು ಪೂರ್ತಿ ಹತ್ತಿಯದೇ. ಅಣ್ಣನ ಮಗ ತಣ್ಣಗಿನ ಸಾರನ್ನು 8 ನಿಮಿಷ ಇಟ್ಟು ಸ್ನಾನಕ್ಕೆ ಹೋಗಿದ್ದ.

ಹತ್ತಿ ಅಂದರೆ ಬೆಂಕಿ ಹಿಡಿಯುವುದಿಲ್ಲ ಅಂತ ಅಲ್ಲ. ಕರಗುವುದಿಲ್ಲ ಅಷ್ಟೇ. ಒಂದೇ ಕಡೆ ಬಿಸಿ ಸೇರಿದರೆ ಅದು ಸುಡುತ್ತದೆ. ಅವತ್ತಿನಿಂದ ನಾವು ಒಂದು ನಿಮಿಷ ಎರಡು ನಿಮಿಷ ಇಟ್ಟು, ಕಲಕಿ, ಮತ್ತೆ ಇಡುತ್ತೇವೆ. ಪಕ್ಕದಲ್ಲೇ ನಿಲ್ಲುತ್ತೇವೆ. ಬಟ್ಟಲು ಇಲ್ಲದೆ ಬರೀ ಹೋಲ್ಡರನ್ನು ಒಳಗೆ ಇಡುವುದಿಲ್ಲ. ಬೇಯಿಸುವ ಕೆಲಸಕ್ಕೆ ಹೋಲ್ಡರ್ ಹೊರಗೆ, ಬರೀ ಬೆಚ್ಚಗೆ ಮಾಡಲು ಮಾತ್ರ ಒಳಗೆ. ಇದಕ್ಕಿಂತ ನಿಶ್ಚಿಂತೆಯ ದಾರಿ ಅಂದರೆ ಮೈಕ್ರೋವೇವ್‌ನಿಂದ ಬಟ್ಟಲನ್ನು ಹೊರಗೆ ತೆಗೆದ ಮೇಲೆ ಹೋಲ್ಡರಿನಲ್ಲಿ ಕೂರಿಸುವುದು.

ಒಣಗಲಿ ಅಂತ ಒದ್ದೆ ಹೋಲ್ಡರನ್ನು ಮೈಕ್ರೋವೇವ್‌ನಲ್ಲಿ ತಿರುಗಿಸುವವರೂ ಇದ್ದಾರೆ. ಅದು ಬೇಡವೇ ಬೇಡ.

---

ಸಕಲೇಶಪುರ ಸೊಸೆ

ನಾನು ಅದನ್ನೇ ಮಾಡೋಣ ಅಂತಿದ್ದೆ. ಸದ್ಯ ಓದಿದೆ.

---

ಮೂಡಿಗೆರೆ ಮಳೆ (ಭಾನುವಾರ, ಮಧ್ಯಾಹ್ನ 3:15)

ಹೊಲಿದೆ. ಮೂರು ಸಲ ಬಿಚ್ಚಿ ಹೊಲಿದೆ, ನಾಲ್ಕನೆಯ ಸಲ ಸರಿ ಬಂತು. ಎಲ್ಲರೂ ಇಷ್ಟು ಹೇಳಿಕೊಟ್ಟಿರಿ, ಅದಕ್ಕೆ ವಿವರವಾಗಿ ಬರೆಯುತ್ತೇನೆ.

ನಮ್ಮ ಬಟ್ಟಲು ತಳದ ಕೆಳಗೆ ಟೇಪು ಹಾಯಿಸಿ ಅಳೆದರೆ ಅಂಚಿನಿಂದ ಅಂಚಿಗೆ 9 ಇಂಚು. ಹತ್ತಿ ಬಟ್ಟೆ 10 ಇಂಚಿನ ಎರಡು ಚೌಕ. ಮಾವನ ಹಳೆಯ ಪಂಚೆ ಒಳಗಡೆಗೆ, ನನ್ನ ಒಂದು ಹತ್ತಿ ಸೀರೆ ಹೊರಗಡೆಗೆ. ಎರಡಕ್ಕೂ ಬೇರೆ ಬೇರೆ ಟಕ್ಸ್ ಹಿಡಿದೆ. ಒಳ್ಳೆ ಮಗ್ಗುಲು ಎದುರು ಬದರು ಇಟ್ಟು ಮೂರು ಬದಿ ಹೊಲಿದೆ. ನಾಲ್ಕನೆಯ ಬದಿ ಪೂರ್ತಿ ಬಿಟ್ಟೆ. ಆ ಬದಿಯ ಎರಡೂ ಅಂಚನ್ನು ಬೇರೆ ಬೇರೆಯಾಗಿ ಒಳಗೆ ಮಡಿಸಿ ಹೊಲಿದೆ. ಮಗುಚಿದರೆ ಒಂದು ಕಡೆ ಬಾಯಿ ತೆರೆದ ಚೀಲ. ಬಾಯಿ ಕಟ್ಟಲು ಅದೇ ಬಟ್ಟೆಯ ಎರಡು ಜೊತೆ ಪಟ್ಟಿ, ಟಕ್ಸಿನ ಆಚೆ ಒಂದು ಈಚೆ ಒಂದು. ಪಟ್ಟಿ 3 ಇಂಚಿಗಿಂತ ಉದ್ದ ಇಡಲಿಲ್ಲ. ಉದ್ದ ಇದ್ದರೆ ಒಲೆಯ ಕಡೆ ಇಳಿಬಿದ್ದು ಬೆಂಕಿ ಹಿಡಿಯಬಹುದು.

ಒಳಗೆ ಹಾಕುವ ಟವೆಲ್ ಎರಡು ತುಂಡು, 9 ಇಂಚಿನ ಚೌಕ. ಇಲ್ಲೇ ನಾನು ಎಡವಿದ್ದು. ಮೊದಲು ಟವೆಲ್ಲಿಗೂ ಟಕ್ಸ್ ಮಡಿಸಿ ಹೊಲಿದೆ. ಎಲ್ಲಾ ದಪ್ಪ ಸೇರಿ ಗಂಟಿನ ಹಾಗಾಯಿತು, ಬಟ್ಟಲು ಒಂದು ಕಡೆಗೆ ವಾಲಿತು. ಎರಡನೆಯ ಸಲ ಟಕ್ಸ್ ಇಲ್ಲದೆ ಹಾಗೇ ತುರುಕಿದೆ. ತಳದಲ್ಲಿ ಮುದ್ದೆಯಾಯಿತು. ಆಮೇಲೆ ಟಕ್ಸಿನ ಜಾಗದಲ್ಲಿ ತ್ರಿಕೋನದ ತುಂಡನ್ನು ಕತ್ತರಿಸಿಯೇ ತೆಗೆದೆ. ಕತ್ತರಿಸಿದ ಎರಡು ಅಂಚನ್ನು ಒಂದರ ಮೇಲೊಂದು ಬಾರದ ಹಾಗೆ ಪಕ್ಕ ಪಕ್ಕ ತಂದು ಕೈಯಲ್ಲಿ ಸುತ್ತುಹೊಲಿಗೆ ಹಾಕಿದೆ. ಟವೆಲ್ ತಾನೇ ಬೋಗುಣಿಯ ಆಕಾರಕ್ಕೆ ಬಂತು. ಚೀಲದೊಳಗೆ ಹಾಕಿದರೆ ಮೂಲೆಗೆ ಮೂಲೆ ಕೂರುತ್ತದೆ. ಸುತ್ತ ಅಂಚು ಎಳೆ ಬಿಡದ ಹಾಗೆ ಮಡಿಸದೆ ಬರೀ ಹೊಲಿಗೆ ಓಡಿಸಿದ್ದೇನೆ. ಸೂಜಿ 16 ನಂಬರ್, ಕಾಟನ್ ದಾರ, ಸುಟ್ಟು ನೋಡಿ ತಂದದ್ದು.

ಆಮೇಲೆ ಒಣಗಿಸಿ ನೋಡಿದೆ. ಇಲ್ಲಿ ಮಳೆ ಬಿಟ್ಟಿಲ್ಲ. ಬಚ್ಚಲೊಲೆಯ ಹಂಡೆಯ ಮೇಲುಗಡೆ ನಮ್ಮದೊಂದು ತಂತಿ ಇದೆ, ಒಲೆಯ ಬೆಂಕಿಗೆ ದೂರವಾಗಿ. ಬೆಳಗ್ಗೆ ನೀರು ಕಾಯಿಸುವಾಗ ಚೀಲವನ್ನೂ ಟವೆಲ್ ತುಂಡುಗಳನ್ನೂ ಬೇರೆ ಬೇರೆ ಹಾಕಿದೆ. ಚೀಲ ಮಧ್ಯಾಹ್ನದ ಹೊತ್ತಿಗೆ ಗರಿಗರಿ ಆಯಿತು. ಟವೆಲ್ ಮರುದಿನ ಬೆಳಗ್ಗೆ. ಹಳೆಯದು ಮೂರು ದಿನಕ್ಕೂ ಒಣಗಿರಲಿಲ್ಲ!

ಇನ್ನೂ ಒಂದು ಅನುಕೂಲ ಆಯಿತು. ಗಂಜಿ ಚೆಲ್ಲಿದರೆ ಹೆಚ್ಚಾಗಿ ಚೀಲಕ್ಕೇ ಚೆಲ್ಲುತ್ತದೆ. ಟವೆಲ್ ಒಣಗಿದ್ದರೆ ಅದನ್ನು ಇನ್ನೊಂದು ಚೀಲಕ್ಕೆ ಬದಲಿಸಿದರೆ ಮುಗಿಯಿತು. ಎರಡು ಚೀಲ, ನಾಲ್ಕು ಟವೆಲ್ ತುಂಡು ಇಟ್ಟುಕೊಂಡಿದ್ದೇನೆ. ಕೊಡುವ ಮೊದಲು ಟವೆಲ್ ತುಂಡನ್ನು ಕೆನ್ನೆಗೆ ಒತ್ತಿ ನೋಡುತ್ತೇನೆ. ಬೆರಳಿಗೆ ಗೊತ್ತಾಗದ ತೇವ ಕೆನ್ನೆಗೆ ತಣ್ಣಗೆ ಗೊತ್ತಾಗುತ್ತದೆ.

---

ಕಡೂರು ಟೈಲರ್

ತುಂಬಾ ಒಳ್ಳೆಯ ಕೆಲಸ ಅಕ್ಕ. ತ್ರಿಕೋನ ಕತ್ತರಿಸಿ ಪಕ್ಕ ಪಕ್ಕ ಸೇರಿಸಿದ್ದು ಸರಿಯಾದ ಪದ್ಧತಿ. ಕೋಟಿನ ಒಳಗೆ ಹಾಕುವ ಕ್ಯಾನ್ವಾಸಿಗೆ ನಾವೂ ಹಾಗೇ ಮಾಡುತ್ತೇವೆ. ನಮ್ಮ ಕಡೂರು ಬಯಲುಸೀಮೆ, ಒಂದು ಮಧ್ಯಾಹ್ನದ ಬಿಸಿಲು ಸಾಕು, ಹಾಗಾಗಿ ಒಣಗುವುದರ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ಒಂದೇ ಜಿಲ್ಲೆಯಲ್ಲಿ ಇದ್ದರೂ ನಿಮ್ಮ ಕಷ್ಟ ಬೇರೆ.

---

ಆಲೂರು ತೋಟದಮನೆ

ನಾನೂ ಒಂದು ಹೊಲಿಯುತ್ತೇನೆ. ನಮ್ಮ ಮನೆಯಲ್ಲಿ ಗಂಜಿಗಿಂತ ಕಾಫಿ ಜಾಸ್ತಿ. ಸ್ಟೀಲ್ ಲೋಟಕ್ಕೂ ಹೀಗೆ ಮಾಡಬಹುದಾ? ತೋಟದಲ್ಲಿ ಕಾಫಿ ಕುಯ್ಯುವಾಗ ಹತ್ತು ಜನಕ್ಕೆ ಕಾಫಿ ಕೊಡಬೇಕು. ಎಲ್ಲರೂ ಲೋಟವನ್ನು ಅಂಚಿನಲ್ಲಿ ಎರಡು ಬೆರಳಲ್ಲಿ ಹಿಡಿದುಕೊಂಡು ನಿಂತಿರುತ್ತಾರೆ.

---

ಹಾಸನ ಗಾರ್ಮೆಂಟ್ಸ್ ಹುಡುಗಿ

ಲೋಟಕ್ಕೆ ಇನ್ನೂ ಸುಲಭ ಅಕ್ಕ, ಟಕ್ಸೇ ಬೇಡ. ಲೋಟದ ಸುತ್ತಳತೆ ಟೇಪಿನಲ್ಲಿ ತಗೊಳ್ಳಿ. ನಮ್ಮ ಲೋಟ ಮೇಲೆ ಅಗಲ ಕೆಳಗೆ ಸಣ್ಣ, ಅದಕ್ಕೆ ಎರಡು ಕಡೆಯೂ ಅಳೆಯಿರಿ. ಎರಡು ಅಳತೆಗೂ ಅರ್ಧ ಇಂಚು ಹೊಲಿಗೆಗೆ, ಮುಕ್ಕಾಲು ಇಂಚು ಪದರದ ದಪ್ಪಕ್ಕೆ ಸೇರಿಸಿ. ಎತ್ತರದಲ್ಲಿ ಮೇಲಿನ ಒಂದು ಇಂಚು ಬಿಟ್ಟುಬಿಡಿ, ತುಟಿಗೆ ಬಟ್ಟೆ ತಾಗಬಾರದು. ಕಾಗದದಲ್ಲಿ ಮೊದಲು ಕತ್ತರಿಸಿ ಲೋಟಕ್ಕೆ ಸುತ್ತಿ ನೋಡಿ, ಬಟ್ಟೆ ಹಾಳಾಗುವುದಿಲ್ಲ. ಒಂದು ಪದರ ಟವೆಲ್ ಸಾಕು.

ಹತ್ತು ಲೋಟಕ್ಕೆ ಆದರೆ ಹಳೆಯ ಟವೆಲ್ ಎರಡು ಬೇಕಾಗಬಹುದು. ಕುಯ್ಲು ಶುರುವಾಗುವಷ್ಟರಲ್ಲಿ ಬಿಸಿಲು ಬಂದಿರುತ್ತದೆ, ನಿಮಗೆ ಚೀಲದ ಪದ್ಧತಿ ಬೇಡ, ನೇರವಾಗಿ ಹೊಲಿದುಬಿಡಿ.

---

ಆಲೂರು ತೋಟದಮನೆ

ಆಯ್ತಮ್ಮ. ಟವೆಲ್ ಎತ್ತಿಟ್ಟಿದ್ದೇನೆ. ನಾಳೆ ಕಾಟನ್ ದಾರ ತರಿಸುತ್ತೇನೆ.

---

ಅರಸೀಕೆರೆ ನರ್ಸಕ್ಕ

ಮೂಡಿಗೆರೆ ಅಕ್ಕ, ಅತ್ತೆ ಕೈ ಈಗ ಹೇಗಿದೆ?

---

ಮೂಡಿಗೆರೆ ಮಳೆ

ಚೆನ್ನಾಗಿದೆ ಅಕ್ಕ. ಹೊಸ ಚರ್ಮ ಬಂದಿದೆ, ಸ್ವಲ್ಪ ಗುಲಾಬಿ ಬಣ್ಣ ಇದೆ. ನಿನ್ನೆ ರಾತ್ರಿ ಬಟ್ಟಲನ್ನು ತೊಡೆಯ ಮೇಲೆ ಇಟ್ಟುಕೊಂಡು, ಹೋಲ್ಡರನ್ನು ತಿರುಗಿಸಿ ತಿರುಗಿಸಿ ನೋಡಿದರು. ಒಳಗಡೆಯ ಬಟ್ಟೆ ಮಾವನ ಪಂಚೆ ಅಂತ ನಾನು ಹೇಳಿರಲಿಲ್ಲ. ಅಂಚು ನೋಡಿ ಅವರಿಗೇ ಗುರುತು ಸಿಕ್ಕಿತು. ಗಂಜಿ ಕುಡಿದಾದ ಮೇಲೆ ತೊಳೆಯಲು ಕೊಡಲಿಲ್ಲ, "ಏನೂ ಚೆಲ್ಲಿಲ್ಲ, ಇರಲಿ ಬಿಡು" ಅಂತ ಹಾಸಿಗೆ ಪಕ್ಕದಲ್ಲೇ ಇಟ್ಟುಕೊಂಡರು.